ಸೋತರೂ ಶನಿವಾರ ತಪ್ಪದು

ಫುಟ್‌ಬಾಲ್ ಎಂದೊಡನೆ ಮಕ್ಕಳ ಕಣ್ಣ ಮುಂದೆ ಬರುವುದು ಟಿ.ವಿ. ಪರದೆಯ ಮೇಲಿನ ಝಗಮಗಿಸುವ ಕ್ರೀಡಾಂಗಣ, ಕೋಟಿಗಟ್ಟಲೆ ಬೆಲೆ ಬಾಳುವ ಆಟಗಾರರು, ಸಾವಿರಾರು ಕಂಠಗಳ ಕೂಗು. ಆದರೆ ಸ್ಕಾಟ್ಲೆಂಡಿನ ಸಣ್ಣ ಪಟ್ಟಣಗಳಲ್ಲಿ ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಬೇರೊಂದು ಬಗೆಯ ಫುಟ್‌ಬಾಲ್ ನಡೆಯುತ್ತದೆ. ಅಲ್ಲಿ ಆಟಗಾರ ಶುಕ್ರವಾರ ಸಂಜೆಯವರೆಗೂ ಬಡಗಿ ಕೆಲಸವನ್ನೋ ನಲ್ಲಿ ರಿಪೇರಿಯನ್ನೋ ಮಾಡಿ ಬಂದವನು. ನೋಡುವವರು ಕೆಲವು ನೂರು ಮಂದಿ. ಅವರಲ್ಲಿ ಹೆಚ್ಚಿನವರಿಗೆ ಪಕ್ಕದಲ್ಲಿ ನಿಂತವನ ಹೆಸರು, ಅವನ ಮನೆ, ಅವನ ಅಪ್ಪ ಯಾರೆಂಬುದೂ ಗೊತ್ತು.

ಈ ತಂಡಗಳು ಗೆಲ್ಲುವುದು ಅಪರೂಪ. ದೊಡ್ಡ ಬಹುಮಾನವಂತೂ ಕನಸಿನ ಮಾತು. ಆದರೂ ಮಳೆ, ಗಾಳಿ, ಹಿಮವೆನ್ನದೆ ಜನ ಬರುತ್ತಾರೆ, ತಮ್ಮ ಮಕ್ಕಳನ್ನೂ ಕರೆತರುತ್ತಾರೆ. ಏಕೆ? ಈ ಪ್ರಶ್ನೆಯನ್ನು ಇಟ್ಟುಕೊಂಡು ಆ ನಾಡಿನ ಕೆಲವು ಮೈದಾನಗಳನ್ನು ಸುತ್ತಿ ಬರಬಹುದು.

ಎರಡು ಆಲದ ಮರಗಳು

ಸ್ಕಾಟ್ಲೆಂಡಿನ ಜನಸಂಖ್ಯೆ ಸುಮಾರು 55 ಲಕ್ಷ. ಬೆಂಗಳೂರು ನಗರವೊಂದರಲ್ಲೇ ಅದಕ್ಕಿಂತ ಹೆಚ್ಚು ಜನರಿದ್ದಾರೆ. ಇಷ್ಟು ಚಿಕ್ಕ ನಾಡಿನಲ್ಲಿ ರಾಷ್ಟ್ರಮಟ್ಟದ ಲೀಗ್‌ನಲ್ಲಿ ಆಡುವ ತಂಡಗಳು 42. ಲೆಕ್ಕ ಹಾಕಿದರೆ ಒಂದು ಲಕ್ಷದ ಮೂವತ್ತು ಸಾವಿರ ಜನಕ್ಕೆ ಒಂದು ತಂಡ! 2013ರಲ್ಲಿ ಹಳೆಯ ಎರಡು ಲೀಗ್ ಸಂಸ್ಥೆಗಳು ಒಂದಾದ ಮೇಲೆ ಈ ತಂಡಗಳನ್ನು ನಾಲ್ಕು ಮೆಟ್ಟಿಲುಗಳಾಗಿ ಜೋಡಿಸಲಾಯಿತು. ಮೇಲಿನ ಪ್ರೀಮಿಯರ್‌ಶಿಪ್‌ನಲ್ಲಿ 12 ತಂಡಗಳು. ಅದರ ಕೆಳಗೆ ಚಾಂಪಿಯನ್‌ಶಿಪ್, ಲೀಗ್ ಒನ್, ಲೀಗ್ ಟೂ ಎಂಬ ಮೂರು ಮೆಟ್ಟಿಲುಗಳಲ್ಲಿ ತಲಾ 10.

ಮೇಲಿನ ಮೆಟ್ಟಿಲಿನ ಕಥೆ ಬಹಳ ಸರಳ. ಗ್ಲಾಸ್ಗೋ ನಗರದ ಸೆಲ್ಟಿಕ್ ಮತ್ತು ರೇಂಜರ್ಸ್ ಎಂಬ ಎರಡು ತಂಡಗಳದ್ದೇ ಕಾರುಬಾರು. 1985ರಲ್ಲಿ ಅಬರ್ಡೀನ್ ತಂಡ ಪ್ರಶಸ್ತಿ ಗೆದ್ದಿತು. ಅನಂತರದ ನಲವತ್ತು ವರ್ಷ, ಅಂದರೆ 2025ರ ತನಕ, ಪ್ರತಿ ವರ್ಷವೂ ಪ್ರಶಸ್ತಿ ಈ ಎರಡರಲ್ಲಿ ಒಂದರ ಪಾಲಾಯಿತು. ದೊಡ್ಡ ಆಲದ ಮರದ ಕೆಳಗೆ ಹುಲ್ಲು ಬೆಳೆಯುವುದು ಕಷ್ಟ ಎನ್ನುವಂತೆ, ಈ ಎರಡು ಮರಗಳ ನೆರಳು ಇಡೀ ನಾಡಿನ ಮೇಲೆ ಬಿದ್ದಿದೆ. ಶನಿವಾರ ಬೆಳಿಗ್ಗೆ ಸಣ್ಣ ಪಟ್ಟಣಗಳಿಂದ ಅಭಿಮಾನಿಗಳನ್ನು ಹೊತ್ತ ಬಸ್ಸುಗಳು ಗ್ಲಾಸ್ಗೋ ಕಡೆಗೆ ಹೊರಡುತ್ತವೆ. ಆ ಬಸ್ಸು ಹತ್ತದೆ ಊರಿನ ಮೈದಾನದ ಕಡೆ ಹೆಜ್ಜೆ ಹಾಕುವವನೇ ಈ ಲೇಖನದ ನಾಯಕ.

ಗಾಳಿಯೂ ಒಂದು ತಂಡ

ಸುತ್ತಾಟವನ್ನು ಪೂರ್ವ ಕರಾವಳಿಯ ಆರ್ಬ್ರೋತ್‌ನಿಂದ ಆರಂಭಿಸುವುದು ಒಳ್ಳೆಯದು. ಸುಮಾರು 24 ಸಾವಿರ ಜನರಿರುವ ಈ ಬಂದರು ಪಟ್ಟಣ ಮೂರು ಸಂಗತಿಗಳಿಗೆ ಪ್ರಸಿದ್ಧ. ಇಲ್ಲಿನ ಕೆಂಪು ಮರಳುಗಲ್ಲಿನ ಹಳೆಯ ಮಠದ ಹೆಸರಿನೊಂದಿಗೆ 1320ರ ಸ್ಕಾಟಿಷ್ ಸ್ವಾತಂತ್ರ್ಯದ ಘೋಷಣಾ ಪತ್ರ ಬೆಸೆದುಕೊಂಡಿದೆ. ಎರಡನೆಯದು, ಕಟ್ಟಿಗೆಯ ಹೊಗೆಯಲ್ಲಿ ಬೇಯಿಸಿದ ಹ್ಯಾಡಕ್ ಮೀನು. ಮೂರನೆಯದು ಗೇಫೀಲ್ಡ್ ಮೈದಾನ.

ಗೇಫೀಲ್ಡ್ ಇರುವುದು ಸಮುದ್ರದ ಅಂಚಿನಲ್ಲಿ. ಯೂರೋಪಿನ ಫುಟ್‌ಬಾಲ್ ಮೈದಾನಗಳಲ್ಲಿ ಸಮುದ್ರಕ್ಕೆ ಇಷ್ಟು ಹತ್ತಿರವಿರುವವು ಬಹಳ ಕಡಿಮೆ. ಉಬ್ಬರದ ದಿನ ಗಾಳಿ ಜೋರಾದರೆ ಅಲೆಯ ತುಂತುರು ಗೋಡೆ ದಾಟಿ ಪ್ರೇಕ್ಷಕರ ಮುಖಕ್ಕೆ ಸಿಡಿಯುತ್ತದೆ. ಗೋಲ್‌ಕೀಪರ್ ಬಲವಾಗಿ ಒದ್ದ ಚೆಂಡು ಮೇಲೇರಿ, ನಿಂತು, ಹಿಂದಕ್ಕೆ ಬರುವುದೂ ಉಂಟು.

ಇದರಲ್ಲಿ ಮಾಟವೇನಿಲ್ಲ, ಶಾಲೆಯ ಭೌತಶಾಸ್ತ್ರವೇ ಇದೆ. ಚೆಂಡಿನ ಮೇಲೆ ಗಾಳಿ ಒಡ್ಡುವ ತಡೆಯು ಗಾಳಿಗೂ ಚೆಂಡಿಗೂ ನಡುವಿನ ಸಾಪೇಕ್ಷ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಚೆಂಡು ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಹೊರಟಿದೆ, ಎದುರುಗಾಳಿಯ ವೇಗ ಸೆಕೆಂಡಿಗೆ 10 ಮೀಟರ್ ಎಂದಿಟ್ಟುಕೊಳ್ಳಿ. ಆಗ ಸಾಪೇಕ್ಷ ವೇಗ 30. ಅದೇ ಗಾಳಿ ಬೆನ್ನಿಗಿದ್ದರೆ ಸಾಪೇಕ್ಷ ವೇಗ ಬರೀ 10. ಮೂವತ್ತರ ವರ್ಗ 900, ಹತ್ತರ ವರ್ಗ 100. ಅಂದರೆ ಒಂದೇ ಮೈದಾನದಲ್ಲಿ, ಒಂದೇ ಒದೆತಕ್ಕೆ, ಒಂದು ದಿಕ್ಕಿನಲ್ಲಿ ಸಿಗುವ ತಡೆ ಇನ್ನೊಂದು ದಿಕ್ಕಿಗಿಂತ ಒಂಬತ್ತು ಪಟ್ಟು ಹೆಚ್ಚು! ಚೆಂಡಿನ ತೂಕವಾದರೂ ಎಷ್ಟು? ಹೆಚ್ಚೆಂದರೆ 450 ಗ್ರಾಂ. ಟಾಸ್ ಗೆದ್ದ ನಾಯಕ ಗಾಳಿಯ ದಿಕ್ಕು ನೋಡಿಯೇ ಬಾಯಿ ಬಿಡುವುದರಲ್ಲಿ ಆಶ್ಚರ್ಯವಿಲ್ಲ.

ಗಾಳಿಯ ಜೊತೆಗೆ ಕತ್ತಲೆಯೂ ಇದೆ. ಆರ್ಬ್ರೋತ್ ಇರುವುದು ಉತ್ತರ ಅಕ್ಷಾಂಶ 56.5 ಡಿಗ್ರಿಯಲ್ಲಿ. ಡಿಸೆಂಬರ್ 21ರ ನಡು ಮಧ್ಯಾಹ್ನದಲ್ಲಿ ಸೂರ್ಯ ದಿಗಂತದಿಂದ ಹತ್ತು ಡಿಗ್ರಿಯಷ್ಟೇ ಮೇಲಿರುತ್ತಾನೆ. ಮೂರು ಗಂಟೆಗೆ ಆಟ ಆರಂಭವಾದರೆ ಮೂರೂವರೆಗೆಲ್ಲ ಸೂರ್ಯಾಸ್ತ. ಉಳಿದ ಆಟವೆಲ್ಲ ದೀಪದ ಬೆಳಕಿನಲ್ಲಿ.

ಇಂಥ ಮೈದಾನದಲ್ಲಿ ಪ್ರೇಕ್ಷಕರು ಒಂದೇ ಕಡೆ ಕುಳಿತಿರುವುದಿಲ್ಲ. ಮೊದಲಾರ್ಧದಲ್ಲಿ ತಮ್ಮ ತಂಡ ಯಾವ ಗೋಲಿನತ್ತ ಆಡುತ್ತಿದೆಯೋ ಅದರ ಹಿಂದೆ ನಿಲ್ಲುತ್ತಾರೆ. ವಿರಾಮದಲ್ಲಿ ಇಡೀ ಗುಂಪು ಮೈದಾನವನ್ನು ಸುತ್ತು ಹಾಕಿ ಇನ್ನೊಂದು ತುದಿಗೆ ಹೋಗುತ್ತದೆ. ಎದುರು ತಂಡದ ಬೆಂಬಲಿಗರೂ ಅದೇ ಹೊತ್ತಿಗೆ ಎದುರಿನಿಂದ ಬರುತ್ತಾರೆ. ದಾರಿಯಲ್ಲಿ ಒಬ್ಬರನ್ನೊಬ್ಬರು ಕೆಣಕುವುದು, ಕುಶಲ ಕೇಳುವುದು, ಮಾಂಸ ತುಂಬಿದ ಬಿಸಿ ಪೈ ಕೊಳ್ಳಲು ಒಂದೇ ಸಾಲಿನಲ್ಲಿ ನಿಲ್ಲುವುದು ಎಲ್ಲವೂ ನಡೆಯುತ್ತದೆ. ಅರವತ್ತು ಸಾವಿರ ಜನರ ಕ್ರೀಡಾಂಗಣದಲ್ಲಿ ಎರಡು ಕಡೆಯವರ ನಡುವೆ ಪೊಲೀಸರು ಗೋಡೆಯಾಗಿ ನಿಲ್ಲಬೇಕು. ಇಲ್ಲಿ ಆ ಗೋಡೆಯ ಅಗತ್ಯ ಬೀಳುವುದು ಅಪರೂಪ.

ಮೂವತ್ತಾರು ಮತ್ತು ಸೊನ್ನೆ

ಆರ್ಬ್ರೋತ್‌ನ ಹೆಸರು ದಾಖಲೆ ಪುಸ್ತಕಗಳಲ್ಲಿ ಸೇರಿದ್ದು 1885ರ ಸೆಪ್ಟೆಂಬರ್ 12ರಂದು. ಸ್ಕಾಟಿಷ್ ಕಪ್ ಪಂದ್ಯಕ್ಕಾಗಿ ಅಬರ್ಡೀನ್‌ನಿಂದ ಬಾನ್ ಅಕಾರ್ಡ್ ಎಂಬ ತಂಡ ಬಂದಿತ್ತು. ಆಟ ಮುಗಿದಾಗ ಫಲಿತಾಂಶ 36-0. ಜಾಕಿ ಪೆಟ್ರಿ ಎಂಬ ಯುವಕನೊಬ್ಬನೇ 13 ಗೋಲು ಹೊಡೆದಿದ್ದ. ಆ ಕಾಲದಲ್ಲಿ ಗೋಲುಗಂಬಗಳಿಗೆ ಬಲೆ ಇರಲಿಲ್ಲ. ಪ್ರತಿ ಗೋಲಿನ ನಂತರ ಚೆಂಡನ್ನು ಓಡಿ ಹೋಗಿ ತರಬೇಕಾಗಿತ್ತು ಎಂಬುದನ್ನು ನೆನೆದರೆ ಸೋತವರ ಬಗ್ಗೆ ಕನಿಕರ ಇನ್ನಷ್ಟು ಹೆಚ್ಚುತ್ತದೆ. ಕೌತುಕವೆಂದರೆ ಅದೇ ದಿನ, ಅಲ್ಲಿಂದ ಸುಮಾರು 27 ಕಿಲೋಮೀಟರ್ ದೂರದ ಡಂಡೀ ನಗರದಲ್ಲಿ ಡಂಡೀ ಹಾರ್ಪ್ ತಂಡ ಅಬರ್ಡೀನ್ ರೋವರ್ಸ್ ತಂಡವನ್ನು 35-0ಯಿಂದ ಸೋಲಿಸಿತು. ಒಂದೇ ಒಂದು ಗೋಲಿನಿಂದ ದಾಖಲೆ ಕೈತಪ್ಪಿತು!

ಆದರೆ ಈಗಿನ ಆರ್ಬ್ರೋತ್ ಅಭಿಮಾನಿಗಳು ಹೆಚ್ಚು ಮೆಲುಕು ಹಾಕುವುದು 2021-22ರ ಋತುವನ್ನು. ಆಗ ತಂಡ ಎರಡನೆಯ ಮೆಟ್ಟಿಲಾದ ಚಾಂಪಿಯನ್‌ಶಿಪ್‌ನಲ್ಲಿತ್ತು. ಹತ್ತು ತಂಡಗಳಲ್ಲಿ ಒಂಬತ್ತು ಪೂರ್ಣಾವಧಿ ವೃತ್ತಿಪರ ತಂಡಗಳು. ಹಗಲು ಬೇರೆ ಕೆಲಸ ಮಾಡಿ ವಾರದಲ್ಲಿ ಕೆಲವು ಸಂಜೆ ಮಾತ್ರ ಅಭ್ಯಾಸ ನಡೆಸುವ ತಂಡವೆಂದರೆ ಆರ್ಬ್ರೋತ್ ಒಂದೇ. ಡಿಕ್ ಕ್ಯಾಂಪ್‌ಬೆಲ್ ಎಂಬ ಹಿರಿಯ ತರಬೇತುದಾರ, ಅವರ ಅವಳಿ ಸಹೋದರ ಇಯಾನ್ ಅವರ ಸಹಾಯಕ. ಋತುವಿನ ಕೊನೆಗೆ ನೋಡಿದರೆ ಮೊದಲ ಸ್ಥಾನದ ಕಿಲ್‌ಮಾರ್ನಾಕ್‌ಗೆ 67 ಅಂಕ, ಆರ್ಬ್ರೋತ್‌ಗೆ 65. ಏಪ್ರಿಲ್ 22ರಂದು ಕಿಲ್‌ಮಾರ್ನಾಕ್‌ನಲ್ಲೇ ನಡೆದ ನಿರ್ಣಾಯಕ ಪಂದ್ಯದಲ್ಲಿ ಆರ್ಬ್ರೋತ್ 1-0 ಮುಂದಿದ್ದು ಕೊನೆಯ ಹೊತ್ತಿನಲ್ಲಿ 2-1ರಿಂದ ಸೋತಿತು. ಬಡಗಿಗಳೂ ಗುಮಾಸ್ತರೂ ಕೂಡಿದ ತಂಡವೊಂದು ದೇಶದ ಅತ್ಯುನ್ನತ ಲೀಗ್‌ನ ಹೊಸ್ತಿಲನ್ನು ಮುಟ್ಟಿ ಹಿಂದಿರುಗಿತು. ಎರಡೇ ವರ್ಷಕ್ಕೆ, 2024ರಲ್ಲಿ, ಒಂದು ಮೆಟ್ಟಿಲು ಕೆಳಕ್ಕೂ ಇಳಿಯಿತು.

ಗೆಲುವೇ ಇಲ್ಲದ ವರ್ಷ

ಆರ್ಬ್ರೋತ್ ಇರುವ ಆಂಗಸ್ ಪ್ರಾಂತ್ಯದ ಜನಸಂಖ್ಯೆ ಸುಮಾರು ಒಂದು ಲಕ್ಷದ ಹದಿನೈದು ಸಾವಿರ. ಇಷ್ಟರಲ್ಲೇ ಮಾಂಟ್ರೋಸ್, ಫಾರ್ಫರ್, ಬ್ರೀಖಿನ್ ಎಂಬ ಇನ್ನೂ ಮೂರು ಊರುಗಳಿಗೆ ತಮ್ಮದೇ ತಂಡಗಳಿವೆ. ಪಕ್ಕದ ಊರಿನೊಂದಿಗಿನ ಪಂದ್ಯವೆಂದರೆ ಎರಡು ಊರಿನ ಬೀಗರು ಎದುರುಬದುರು ಕುಳಿತಂತೆ.

ಫಾರ್ಫರ್ ಬಗ್ಗೆ ಮಕ್ಕಳಿಗೆ ಇಷ್ಟವಾಗುವ ತಮಾಷೆಯೊಂದಿದೆ. ರೇಡಿಯೋದಲ್ಲಿ ಫಲಿತಾಂಶ ಓದುವವನ ನಾಲಿಗೆ ತೊಡರಬೇಕೆಂದು ಹಾಸ್ಯನಟ ಎರಿಕ್ ಮೋರ್ಕಾಂಬ್ ಒಂದು ಕಾಲ್ಪನಿಕ ಫಲಿತಾಂಶವನ್ನು ಪ್ರಚಾರಕ್ಕೆ ತಂದಿದ್ದರು: 'ಈಸ್ಟ್ ಫೈಫ್ ಫೋರ್, ಫಾರ್ಫರ್ ಫೈವ್'. ಬೇಗ ಬೇಗ ಐದು ಸಲ ಹೇಳಿ ನೋಡಿ. 2018ರ ಜುಲೈಯಲ್ಲಿ ಈ ಎರಡು ತಂಡಗಳ ಪಂದ್ಯ 1-1ರಲ್ಲಿ ಸಮವಾಗಿ ಪೆನಾಲ್ಟಿ ಒದೆತಗಳಿಗೆ ಹೋಯಿತು. ಪೆನಾಲ್ಟಿಗಳ ಫಲಿತಾಂಶ ನಿಜಕ್ಕೂ ಈಸ್ಟ್ ಫೈಫ್ 4, ಫಾರ್ಫರ್ 5!

ಬ್ರೀಖಿನ್ ಸುಮಾರು ಏಳು ಸಾವಿರ ಜನರ ಊರು. ಗ್ಲೀಬ್ ಪಾರ್ಕ್ ಎಂಬ ಇಲ್ಲಿನ ಮೈದಾನದ ಒಂದು ಬದಿಗೆ ಕಾಂಕ್ರೀಟ್ ಗೋಡೆಯ ಬದಲು ಉದ್ದಕ್ಕೂ ಎತ್ತರವಾದ ಗಿಡದ ಬೇಲಿ. ಹಸಿರು ಬೇಲಿಯ ಪಕ್ಕದಲ್ಲಿ ನಿಂತು ಲೀಗ್ ಪಂದ್ಯ ನೋಡುವ ಭಾಗ್ಯಕ್ಕಾಗಿಯೇ ದೂರದ ಊರುಗಳಿಂದ ಜನ ಬರುತ್ತಿದ್ದರು.

2017ರಲ್ಲಿ ಬ್ರೀಖಿನ್ ಸಿಟಿ ತಂಡ ಅದೃಷ್ಟವಶಾತ್ ಎರಡನೆಯ ಮೆಟ್ಟಿಲಿಗೆ ಏರಿತು. ಅಲ್ಲಿ ಆದದ್ದು ಬೇರೆ. 2017-18ರ ಋತುವಿನಲ್ಲಿ 36 ಲೀಗ್ ಪಂದ್ಯ ಆಡಿ 32 ಸೋಲು, 4 ಸಮ, ಗೆಲುವು ಸೊನ್ನೆ. ಆಗಸ್ಟ್‌ನಿಂದ ಏಪ್ರಿಲ್‌ವರೆಗೆ ಪ್ರತಿ ಶನಿವಾರವೂ ಮೈದಾನಕ್ಕೆ ಹೋದ ಅಭಿಮಾನಿಗೆ ಒಂದು ಸಲವಾದರೂ ಲೀಗ್ ಪಂದ್ಯ ಗೆದ್ದು ಮನೆಗೆ ಮರಳುವ ಸಂತೋಷ ಸಿಗಲಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಇಳಿದ ತಂಡ 2021ರಲ್ಲಿ ಲೀಗ್‌ನಿಂದಲೇ ಹೊರಬಿದ್ದಿತು. ಆದರೆ ತಂಡ ಮುಚ್ಚಲಿಲ್ಲ. ಕೆಳಗಿನ ಹೈಲ್ಯಾಂಡ್ ಲೀಗ್‌ಗೆ ಹೋಗಿ, ಅದೇ ಬೇಲಿಯ ಪಕ್ಕದಲ್ಲಿ ಆಟ ಮುಂದುವರಿಸಿತು.

2014ರಲ್ಲಿ ತೆರೆದ ಬಾಗಿಲು

ಲೀಗ್‌ನಿಂದ ಹೊರಬೀಳುವುದು ಎಂದರೇನು ಎಂಬುದನ್ನು ಇಲ್ಲಿ ವಿವರಿಸಬೇಕು. ಹಿಂದೆ ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಿನಲ್ಲಿ ಕೊನೆಯ ಸ್ಥಾನ ಬಂದರೂ ತಂಡಕ್ಕೆ ಆತಂಕವಿರಲಿಲ್ಲ. ಕೆಳಗೆ ಇಳಿಯಲು ದಾರಿಯೇ ಇರಲಿಲ್ಲ. 2014-15ರ ಋತುವಿನಿಂದ ಆ ಬಾಗಿಲು ತೆರೆಯಿತು. ಉತ್ತರದ ಹೈಲ್ಯಾಂಡ್ ಲೀಗ್ ಮತ್ತು ದಕ್ಷಿಣದ ಲೋಲ್ಯಾಂಡ್ ಲೀಗ್‌ಗಳ ವಿಜೇತರು ಪರಸ್ಪರ ಆಡಬೇಕು. ಅದರಲ್ಲಿ ಗೆದ್ದವರು 42ನೆಯ ಸ್ಥಾನದ ತಂಡದೊಂದಿಗೆ ಎರಡು ಪಂದ್ಯ ಆಡಬೇಕು. ಗೆದ್ದವರು ಒಳಗೆ, ಸೋತವರು ಹೊರಗೆ.

2016ರಿಂದ 2025ರೊಳಗೆ ಈ ಬಾಗಿಲಿನಿಂದ ಹೊರಬಿದ್ದ ತಂಡಗಳು ಆರು: ಈಸ್ಟ್ ಸ್ಟರ್ಲಿಂಗ್‌ಷೈರ್, ಬೆರಿಕ್ ರೇಂಜರ್ಸ್, ಬ್ರೀಖಿನ್ ಸಿಟಿ, ಕೌಡನ್‌ಬೀತ್, ಆಲ್ಬಿಯನ್ ರೋವರ್ಸ್, ಬಾನಿರಿಗ್ ರೋಸ್. 2025ರ ತನಕ ಇವುಗಳಲ್ಲಿ ಒಂದೂ ಮರಳಿ ಒಳಬಂದಿರಲಿಲ್ಲ.

ಈ ಬಾಗಿಲಿನ ಎರಡು ಮುಖಗಳನ್ನು ನೋಡಬೇಕಾದರೆ ಆಂಗಸ್‌ನಿಂದ ದಕ್ಷಿಣಕ್ಕೆ ಇಳಿದು, ಟೇ ನದಿಯ ಆಚೆಗಿರುವ ಫೈಫ್ ಪ್ರಾಂತ್ಯಕ್ಕೆ ಬರಬೇಕು. ಅಲ್ಲಿನ ಕೌಡನ್‌ಬೀತ್ ಒಂದು ಕಾಲದ ಕಲ್ಲಿದ್ದಲಿನ ಊರು. ಗಣಿಯಿಂದ ಕಪ್ಪಾಗಿ ಮೇಲೆ ಬಂದ ಕಾರ್ಮಿಕರಿಗೆ ಶನಿವಾರದ ಆಟವೇ ಉಸಿರು. ಗಣಿಗಳು ಮುಚ್ಚಿದವು, ತಂಡ ಉಳಿಯಿತು. ನೀಲಿ ಅಂಗಿ ತೊಡುವ ಈ ತಂಡಕ್ಕೆ ಅಭಿಮಾನಿಗಳೇ ಇಟ್ಟ ಅಡ್ಡಹೆಸರು 'ನೀಲಿ ಬ್ರೆಜಿಲ್'. ವಿಶ್ವಕಪ್ ಗೆದ್ದ ಬ್ರೆಜಿಲ್ ಎಲ್ಲಿ, ಸೋಲನ್ನೇ ಹೊದ್ದು ಮಲಗುವ ಈ ತಂಡ ಎಲ್ಲಿ? ತಮ್ಮನ್ನು ತಾವೇ ಹೀಗೆ ಗೇಲಿ ಮಾಡಿಕೊಳ್ಳುವುದು ಅಲ್ಲಿನವರ ಸ್ವಭಾವ. ಇಲ್ಲಿನ ಮೈದಾನದ ಸುತ್ತ ಹಳೆಯ ಕಾರುಗಳ ಓಟದ ಡಾಂಬರು ಪಥವಿದೆ. ಪ್ರೇಕ್ಷಕರಿಗೂ ಆಟಕ್ಕೂ ನಡುವೆ ರಸ್ತೆಯೊಂದು ಹಾದುಹೋದಂತೆ ಕಾಣುತ್ತದೆ.

ಕೌಡನ್‌ಬೀತ್‌ನ ಉತ್ತರಕ್ಕೆ ಕೆಲವೇ ಕಿಲೋಮೀಟರ್ ದೂರದಲ್ಲಿ ಕೆಲ್ಟಿ ಎಂಬ ಇನ್ನೊಂದು ಗಣಿ ಹಳ್ಳಿ. 2021ರಲ್ಲಿ ಬ್ರೀಖಿನ್ ತಂಡವನ್ನು ಹೊರತಳ್ಳಿ ಲೀಗ್ ಪ್ರವೇಶಿಸಿದ್ದು ಈ ಹಳ್ಳಿಯ ಕೆಲ್ಟಿ ಹಾರ್ಟ್ಸ್. ಮರುವರ್ಷವೇ ಕೆಲ್ಟಿ ಲೀಗ್ ಟೂ ಪ್ರಶಸ್ತಿ ಗೆದ್ದಿತು. ಅದೇ ಪಟ್ಟಿಯ ಕೊನೆಯ ಸ್ಥಾನದಲ್ಲಿದ್ದದ್ದು ಕೌಡನ್‌ಬೀತ್! ಈ ಹಿಂದೆ 2017 ಮತ್ತು 2018ರಲ್ಲಿ ಅಂಚಿನಿಂದ ಪಾರಾಗಿದ್ದ ತಂಡ 2022ರಲ್ಲಿ ಬಾನಿರಿಗ್ ರೋಸ್‌ಗೆ ಸೋತು ಹೊರಬಿದ್ದಿತು. ಮೂರು ವರ್ಷದ ನಂತರ ಬಾನಿರಿಗ್‌ನದೂ ಅದೇ ಗತಿಯಾಯಿತು. ಒಂದು ಊರಿನ ಹಬ್ಬ ಇನ್ನೊಂದು ಊರಿನ ಸೂತಕ ಎಂಬ ಮಾತು ಇಲ್ಲಿ ಅಕ್ಷರಶಃ ನಿಜ.

ಈ ಬಾಗಿಲು ನ್ಯಾಯವೇ, ಅನ್ಯಾಯವೇ ಎಂಬ ಚರ್ಚೆ ಅಲ್ಲಿನ ಅಭಿಮಾನಿಗಳಲ್ಲಿ ಇದ್ದೇ ಇದೆ. ಕೆಳಗಿನವರು ಮೇಲೇರಲು ದಾರಿ ಬೇಕೆಂಬುದನ್ನು ಯಾರೂ ಅಲ್ಲಗಳೆಯಲಾರರು. ನೂರು ವರ್ಷದ ತಂಡ ಒಂದೇ ಸಂಜೆಯಲ್ಲಿ ಸ್ಥಾನ ಕಳೆದುಕೊಂಡಾಗ ಊರಿನ ಎದೆ ಭಾರವಾಗುವುದೂ ಸಹಜ. ಆದರೆ ಗಮನಿಸಬೇಕಾದ ಸಂಗತಿ ಒಂದಿದೆ. ಬ್ರೀಖಿನ್ ಆಗಲಿ, ಕೌಡನ್‌ಬೀತ್ ಆಗಲಿ ಸೋಲಿನಿಂದ ಸಾಯಲಿಲ್ಲ. ಹಾಗಾದರೆ ತಂಡವೊಂದು ಸಾಯುವುದು ಯಾವುದರಿಂದ?

ಮರಗಳು ಬೆಳೆದ ಕ್ರೀಡಾಂಗಣ

ಇದಕ್ಕೆ ಉತ್ತರ ಸಿಗುವುದು ಪಶ್ಚಿಮದ ಗ್ಲಾಸ್ಗೋದಲ್ಲಿ. ನಗರದ ದಕ್ಷಿಣ ಭಾಗದಲ್ಲಿ, ರಾಷ್ಟ್ರೀಯ ಕ್ರೀಡಾಂಗಣವಾದ ಹ್ಯಾಂಪ್‌ಡನ್‌ಗೆ ಸಮೀಪದಲ್ಲೇ ಕ್ಯಾತ್ಕಿನ್ ಪಾರ್ಕ್ ಎಂಬ ಸಾರ್ವಜನಿಕ ಉದ್ಯಾನವಿದೆ. ನಡುವೆ ಹುಲ್ಲಿನ ಮೈದಾನ. ಮೂರು ಬದಿಗೆ ಏರುವ ಕಾಂಕ್ರೀಟ್ ಮೆಟ್ಟಿಲುಗಳು, ಒರಗಿ ನಿಲ್ಲಲು ಹಾಕಿದ್ದ ಕಬ್ಬಿಣದ ಕಂಬಿಗಳು. ಮೆಟ್ಟಿಲುಗಳ ಸಂದಿನಲ್ಲಿ ಬೇರು ಬಿಟ್ಟ ಮರಗಳು ಈಗ ಎತ್ತರಕ್ಕೆ ಬೆಳೆದಿವೆ. ಹಿಂದೆ ಜನ ನಿಲ್ಲುತ್ತಿದ್ದ ಜಾಗದಲ್ಲಿ ಈಗ ಕಾಡು ನಿಂತಿದೆ.

ಇದು ಥರ್ಡ್ ಲಾನಾರ್ಕ್ ತಂಡದ ಮನೆಯಾಗಿತ್ತು. 1872ರಲ್ಲಿ ಸೈನಿಕ ಸ್ವಯಂಸೇವಕರು ಕಟ್ಟಿದ ತಂಡ. 1889 ಮತ್ತು 1905ರಲ್ಲಿ ಸ್ಕಾಟಿಷ್ ಕಪ್, 1904ರಲ್ಲಿ ಲೀಗ್ ಪ್ರಶಸ್ತಿ ಗೆದ್ದಿತ್ತು. 1960-61ರಷ್ಟು ಈಚೆಗೂ ಒಂದೇ ಋತುವಿನಲ್ಲಿ ನೂರು ಲೀಗ್ ಗೋಲು ಹೊಡೆದು ಮೂರನೆಯ ಸ್ಥಾನ ಪಡೆದಿತ್ತು. ಅದಾದ ಆರೇ ವರ್ಷಕ್ಕೆ, 1967ರಲ್ಲಿ, ತಂಡ ದಿವಾಳಿಯೆದ್ದು ಮುಚ್ಚಿಹೋಯಿತು. ಕಾರಣ ಆಟದ ಸೋಲಲ್ಲ, ಆಡಳಿತದಲ್ಲಿ ಕುಳಿತವರ ಅವ್ಯವಹಾರ ಎಂಬುದು ಆಮೇಲಿನ ಸರ್ಕಾರಿ ತನಿಖೆಯಿಂದ ಹೊರಬಂತು. ಬಾಗಿಲು ಹಾಕಿದ ದಿನ ಅಭಿಮಾನಿಗಳನ್ನು ಯಾರೂ ಏನೂ ಕೇಳಿರಲಿಲ್ಲ. ಅವರಿಗೆ ಹಕ್ಕಿದ್ದದ್ದು ಟಿಕೆಟ್ ಕೊಳ್ಳುವುದರಲ್ಲಿ ಮಾತ್ರ.

ಇನ್ನೊಂದು ಉದಾಹರಣೆ ಇಂಗ್ಲೆಂಡಿನ ಗಡಿಯಲ್ಲಿರುವ ಗ್ರೆಟ್ನಾ. ಹಿರಿಯರ ಒಪ್ಪಿಗೆಯಿಲ್ಲದೆ ಓಡಿಬಂದ ಪ್ರೇಮಿಗಳು ಮದುವೆಯಾಗುತ್ತಿದ್ದ ಗ್ರೆಟ್ನಾ ಗ್ರೀನ್ ಇದರ ಪಕ್ಕದಲ್ಲೇ ಇದೆ. ಸುಮಾರು ಮೂರು ಸಾವಿರ ಜನರ ಈ ಹಳ್ಳಿಯ ತಂಡ 2002ರಲ್ಲಿ ಸ್ಕಾಟಿಷ್ ಲೀಗ್ ಸೇರಿತು. ಬ್ರೂಕ್ಸ್ ಮೈಲ್ಸನ್ ಎಂಬ ಶ್ರೀಮಂತ ಉದ್ಯಮಿ ತಮ್ಮ ಹಣವನ್ನು ಧಾರಾಳವಾಗಿ ಸುರಿದರು. 2005, 2006, 2007ರಲ್ಲಿ ಸತತ ಮೂರು ಬಡ್ತಿ! 2006ರಲ್ಲಿ ಸ್ಕಾಟಿಷ್ ಕಪ್ ಫೈನಲ್ ತಲುಪಿ ಹಾರ್ಟ್ಸ್ ತಂಡಕ್ಕೆ ಪೆನಾಲ್ಟಿಯಲ್ಲಿ ಮಾತ್ರ ಸೋತರು. ಹಳ್ಳಿಯ ಮಕ್ಕಳಿಗೆ ಇದೆಲ್ಲ ಯಕ್ಷಿಣಿಯ ಕಥೆಯಂತೆ ಕಂಡಿರಬೇಕು.

ಅತ್ಯುನ್ನತ ಲೀಗ್ ತಲುಪಿದಾಗ ಊರಿನ ಮೈದಾನ ಸಾಲದೆ ಬಂತು. ತವರು ಪಂದ್ಯಗಳನ್ನು ನೂರು ಕಿಲೋಮೀಟರಿಗೂ ದೂರದ ಮದರ್‌ವೆಲ್‌ನಲ್ಲಿ ಆಡಬೇಕಾಯಿತು. ಒಂದು ಪಂದ್ಯಕ್ಕೆ ಬಂದ ಪ್ರೇಕ್ಷಕರು 431 ಮಂದಿ. 2008ರ ಆರಂಭದಲ್ಲಿ ಉದ್ಯಮಿ ಕಾಯಿಲೆ ಬಿದ್ದರು, ಹಣದ ಹರಿವು ನಿಂತಿತು. ಆಗಸ್ಟ್ ಹೊತ್ತಿಗೆ ತಂಡವೇ ಇಲ್ಲವಾಯಿತು. ಬೇರಿಲ್ಲದ ಗಿಡಕ್ಕೆ ಎಷ್ಟು ಗೊಬ್ಬರ ಹಾಕಿದರೇನು?

ಆದರೆ ಗ್ರೆಟ್ನಾದ ಕಥೆ ಅಲ್ಲಿಗೇ ಮುಗಿಯಲಿಲ್ಲ. ಅದೇ ವರ್ಷ ಅಭಿಮಾನಿಗಳು ಸೇರಿ 'ಗ್ರೆಟ್ನಾ 2008' ಎಂಬ ಹೊಸ ತಂಡ ಕಟ್ಟಿದರು. ಅದು ಕೆಳಗಿನ ಹಂತದಿಂದ ಆರಂಭಿಸಿ, 2013ರಲ್ಲಿ ಹುಟ್ಟಿದ ಲೋಲ್ಯಾಂಡ್ ಲೀಗ್‌ನ ಮೊದಲ ಸದಸ್ಯರಲ್ಲಿ ಒಂದಾಯಿತು. ಶ್ರೀಮಂತರೊಬ್ಬರ ಹಣ ನಿಂತ ಕಡೆಯಿಂದ ಊರಿನ ಜನರ ದುಡಿಮೆ ಆರಂಭವಾಯಿತು ಎನ್ನಬೇಕು. 2010ರಲ್ಲಿ ಸ್ಟರ್ಲಿಂಗ್ ಆಲ್ಬಿಯನ್ ತಂಡವನ್ನು ಅದರ ಅಭಿಮಾನಿಗಳ ಸಂಘವೇ ಕೊಂಡುಕೊಂಡದ್ದೂ ಇದೇ ದಾರಿಯ ಹೆಜ್ಜೆ.

ಅಭಿಮಾನಿ ಮಾಡುವ ಕೆಲಸ

ಸಣ್ಣ ತಂಡದ ಅಭಿಮಾನಿ ಎಂದರೆ ಕೂಗುವವನು ಮಾತ್ರ ಎಂದು ತಿಳಿಯಬಾರದು. ಬಾಗಿಲಲ್ಲಿ ಟಿಕೆಟ್ ಹರಿಯುವವರು, ಪೈ ಬಿಸಿ ಮಾಡುವವರು, ವಿರಾಮದ ಲಾಟರಿ ಚೀಟಿ ಮಾರುವವರು, ಬೇಸಿಗೆಯಲ್ಲಿ ಗೋಡೆಗೆ ಬಣ್ಣ ಬಳಿಯುವವರು, ಹೆಚ್ಚಿನ ಕಡೆ ಎಲ್ಲರೂ ಸಂಬಳವಿಲ್ಲದ ಸ್ವಯಂಸೇವಕರೇ. ಹಿಮ ಬಿದ್ದ ಬೆಳಿಗ್ಗೆ ಸಲಿಕೆ ಹಿಡಿದು ಮೈದಾನ ಬಿಡಿಸುವವರೂ ಅವರೇ. ನೆಲ ಹೆಪ್ಪುಗಟ್ಟಿದೆ ಎಂದು ರೆಫರಿ ತೀರ್ಪು ಕೊಟ್ಟರೆ ಆ ದುಡಿಮೆಯೆಲ್ಲ ನೀರಿನಲ್ಲಿ ಹೋಮ. ದಕ್ಷಿಣ ತುದಿಯ ಸ್ಟ್ರಾನ್‌ರಾರ್‌ನ ಅಭಿಮಾನಿ ಉತ್ತರದ ಎಲ್ಗಿನ್‌ಗೆ ಹೋಗಬೇಕಾದರೆ ನಾನೂರು ಕಿಲೋಮೀಟರಿಗೂ ಹೆಚ್ಚಿನ ಪ್ರಯಾಣ. ಸೋತರೆ ಅಷ್ಟೇ ದೂರ ಕತ್ತಲಲ್ಲಿ ಮರಳಬೇಕು.

ಇವರಿಗೆ ಗೆಲುವಿನ ಆಸೆಯಿಲ್ಲವೆಂದಲ್ಲ. ಆಸೆಯನ್ನು ಜೀವಂತವಾಗಿಡಲು ಕಪ್ ಪಂದ್ಯಾವಳಿಯಿದೆ. ಅಲ್ಲಿ ಚೀಟಿ ಎತ್ತಿದಂತೆ ಸಣ್ಣವರಿಗೂ ದೊಡ್ಡವರಿಗೂ ಜೋಡಿ ಬೀಳುತ್ತದೆ. 1967ರ ಜನವರಿ 28ರಂದು ಬೆರಿಕ್ ರೇಂಜರ್ಸ್ ತನ್ನ ಮೈದಾನದಲ್ಲಿ ಗ್ಲಾಸ್ಗೋದ ಬಲಾಢ್ಯ ರೇಂಜರ್ಸ್ ತಂಡವನ್ನು 1-0ಯಿಂದ ಮಣಿಸಿತು. ಗೋಲು ಹೊಡೆದವರು ಸ್ಯಾಮಿ ರೀಡ್. ಬೆರಿಕ್‌ನ ಗೋಲ್‌ಕೀಪರ್ ಹಾಗೂ ತರಬೇತುದಾರ ಎರಡೂ ಆಗಿದ್ದ ಜಾಕ್ ವ್ಯಾಲೇಸ್ ಮುಂದೆ ಸೋತ ರೇಂಜರ್ಸ್ ತಂಡಕ್ಕೇ ಮ್ಯಾನೇಜರ್ ಆದರು! ಬೆರಿಕ್ ಊರು ಇರುವುದು ಇಂಗ್ಲೆಂಡಿನಲ್ಲಿ, ತಂಡ ಆಡುವುದು ಸ್ಕಾಟ್ಲೆಂಡಿನಲ್ಲಿ ಎಂಬುದು ಇನ್ನೊಂದು ಸ್ವಾರಸ್ಯ.

ಅಂಥದೇ ಫಲಿತಾಂಶ 2025ರ ಫೆಬ್ರುವರಿಯಲ್ಲಿ ಮತ್ತೆ ಬಂತು. ಎರಡನೆಯ ಮೆಟ್ಟಿಲಿನ ಕ್ವೀನ್ಸ್ ಪಾರ್ಕ್ ತಂಡ ರೇಂಜರ್ಸ್‌ನ ತವರು ಮೈದಾನಕ್ಕೇ ಹೋಗಿ 1-0ಯಿಂದ ಗೆದ್ದಿತು. 1867ರಲ್ಲಿ ಹುಟ್ಟಿದ ಕ್ವೀನ್ಸ್ ಪಾರ್ಕ್ ಸ್ಕಾಟ್ಲೆಂಡಿನ ಅತ್ಯಂತ ಹಳೆಯ ತಂಡ. 1872ರ ನವೆಂಬರ್ 30ರಂದು ಇಂಗ್ಲೆಂಡ್ ವಿರುದ್ಧ ನಡೆದ ಜಗತ್ತಿನ ಮೊದಲ ಅಂತರರಾಷ್ಟ್ರೀಯ ಪಂದ್ಯದಲ್ಲಿ ಸ್ಕಾಟ್ಲೆಂಡ್ ಪರವಾಗಿ ಆಡಿದ ಹನ್ನೊಂದು ಮಂದಿಯೂ ಈ ತಂಡದವರೇ. 'ಆಟಕ್ಕಾಗಿ ಆಟ' ಎಂಬ ಅರ್ಥದ ಲ್ಯಾಟಿನ್ ವಾಕ್ಯ ಇದರ ಧ್ಯೇಯ. ಆಟಗಾರರಿಗೆ ಸಂಬಳ ಕೊಡಬಾರದೆಂಬ ವ್ರತವನ್ನು 2019ರ ತನಕ ಕಾಪಾಡಿಕೊಂಡು ಬಂದಿತ್ತು.

ನೂರ ನಲವತ್ತು ವರ್ಷದ ಕಾಯುವಿಕೆ

ಸುತ್ತಾಟದ ಕೊನೆಯ ನಿಲ್ದಾಣ ಗ್ಲಾಸ್ಗೋ ಮತ್ತು ಎಡಿನ್‌ಬರೋ ನಗರಗಳ ನಡುವಿನ ಸ್ಟೆನ್‌ಹೌಸ್‌ಮ್ಯೂರ್. ತಂಡ ಹುಟ್ಟಿದ್ದು 1884ರಲ್ಲಿ. ಸ್ಕಾಟ್ಲೆಂಡಿನಲ್ಲಿ ಆಧುನಿಕ ವಿದ್ಯುದ್ದೀಪಗಳ ಬೆಳಕಿನ ಮೊದಲ ಪಂದ್ಯ ನಡೆದದ್ದು 1951ರಲ್ಲಿ ಇಲ್ಲಿನ ಓಕಿಲ್‌ವ್ಯೂ ಮೈದಾನದಲ್ಲಿ. ನಾರ್ವೆ ದೇಶದಲ್ಲೂ ಈ ತಂಡಕ್ಕೆ ಅಭಿಮಾನಿಗಳ ಸಂಘವಿದೆ. ಇಷ್ಟೆಲ್ಲ ಇದ್ದರೂ ಒಂದು ಲೀಗ್ ಪ್ರಶಸ್ತಿ ಮಾತ್ರ ಇರಲಿಲ್ಲ. ಎರಡು ಮಹಾಯುದ್ಧಗಳು ಬಂದು ಹೋದವು. ಮುತ್ತಜ್ಜ ನಿಂತ ಜಾಗದಲ್ಲಿ ಅಜ್ಜ, ಅಜ್ಜ ನಿಂತ ಜಾಗದಲ್ಲಿ ಅಪ್ಪ ನಿಂತರು. ಪ್ರಶಸ್ತಿ ಬರಲಿಲ್ಲ.

2024ರ ವಸಂತದಲ್ಲಿ ಸ್ಟೆನ್‌ಹೌಸ್‌ಮ್ಯೂರ್ ಲೀಗ್ ಟೂ ಗೆದ್ದಿತು. 140 ವರ್ಷದಲ್ಲಿ ಮೊದಲ ಲೀಗ್ ಪ್ರಶಸ್ತಿ. ಅದೂ ನಾಲ್ಕನೆಯ ಮೆಟ್ಟಿಲಿನದು! ಲೆಕ್ಕಾಚಾರದ ಕಣ್ಣಿಗೆ ಇದು ಬಹಳ ಸಣ್ಣ ಸಂಪಾದನೆ. ಆದರೆ ಆ ಪ್ರಶಸ್ತಿ ಬರುವವರೆಗೆ ತಂಡವನ್ನು ಉಳಿಸಿದ್ದು ಪ್ರಶಸ್ತಿಯ ಭರವಸೆಯಲ್ಲ. ಅಪ್ಪ ಮಗನ ಕೈಹಿಡಿದು ಮೈದಾನಕ್ಕೆ ಕರೆತಂದ ಸಾವಿರಾರು ಶನಿವಾರಗಳು ಅದನ್ನು ಉಳಿಸಿದವು.

ಅಂಕಪಟ್ಟಿ ಕೈಗೆ ಬಂದ ದಿನ ಮೊದಲ ಸ್ಥಾನವನ್ನೇ ಹುಡುಕುವ ಮನೆಗಳಲ್ಲಿ ಈ ಸಂಗತಿಯನ್ನು ಒಮ್ಮೆ ಮಾತಾಡಿಕೊಳ್ಳಬಹುದು. ಹತ್ತು ತಂಡಗಳ ಪಟ್ಟಿಯಲ್ಲಿ ಒಂದು ಮಾತ್ರ ಮೊದಲನೆಯದಾಗಲು ಸಾಧ್ಯ. ಉಳಿದ ಒಂಬತ್ತು ಊರಿನ ಜನರೂ ಮುಂದಿನ ಶನಿವಾರ ತಮ್ಮ ತಂಡದ ಹಿಂದೆಯೇ ನಿಲ್ಲುತ್ತಾರೆ. ತಂಡ ಸೋತಾಗ ಅವರು ಬೈಯುತ್ತಾರೆ, ಬೇಸರಪಡುತ್ತಾರೆ, ಇನ್ನು ಈ ಕಡೆ ತಲೆ ಹಾಕುವುದಿಲ್ಲ ಎಂದು ಶಪಥವನ್ನೂ ಮಾಡುತ್ತಾರೆ. ಆದರೆ ಬರುತ್ತಾರೆ.

ಮೇಲೇರಿದ ಸ್ಟೆನ್‌ಹೌಸ್‌ಮ್ಯೂರ್‌ಗೆ 2024-25ರ ಲೀಗ್ ಒನ್‌ನಲ್ಲಿ ಸಿಕ್ಕ ಎದುರಾಳಿಗಳಲ್ಲಿ ಆಗಷ್ಟೇ ಕೆಳಗಿಳಿದಿದ್ದ ಆರ್ಬ್ರೋತ್ ಕೂಡ ಒಂದು. 140 ವರ್ಷ ಕಾದ ಅಭಿಮಾನಿಗಳು ಕುತ್ತಿಗೆಗೆ ಉಣ್ಣೆಯ ಪಟ್ಟಿ ಸುತ್ತಿಕೊಂಡು ಗೇಫೀಲ್ಡ್‌ನ ಗಾಳಿಗೆ ಮುಖ ಒಡ್ಡಲು ಹೊರಟರು. ಆ ಋತುವಿನ ಪ್ರಶಸ್ತಿ ಗೆದ್ದು 2025ರಲ್ಲಿ ಮತ್ತೆ ಮೇಲೇರಿದ್ದು ಆರ್ಬ್ರೋತ್. ಸ್ಟೆನ್‌ಹೌಸ್‌ಮ್ಯೂರ್ ಅಭಿಮಾನಿಗಳು ಮುಂದಿನ ಋತುವಿನ ವೇಳಾಪಟ್ಟಿ ನೋಡತೊಡಗಿದರು.